ನಾಲ್ಕು ಪ್ಲಸ್ ಮೂರು: ಕೀಬೋರ್ಡ್ ಮೇಲೆ ಮೇಜರ್ ಕಾರ್ಡ್ ಹಿಡಿಯೋದು ಹೇಗೆ?

ನಮ್ಮ ಕ್ಯಾಂಪಸ್ಸಿನ ಯಾವ ಕಾರ್ಯಕ್ರಮ ಬೇಕಾದ್ರೂ ತಗೊಳ್ಳಿ. ರಾಜ್ಯೋತ್ಸವ ಇರಲಿ, ಫ್ರೆಷರ್ಸ್ ಡೇ ಇರಲಿ, ಹಾಡೋಕೆ ಹೆಸರು ಕೊಡೋರಿಗೆ ಏನೂ ಕಮ್ಮಿ ಇಲ್ಲ. ಆದ್ರೆ ಹಿಂದೆ ಬರೋ ಸಂಗೀತ ಮಾತ್ರ ಯಾವಾಗಲೂ ಯೂಟ್ಯೂಬ್‌ನಿಂದ ಇಳಿಸಿದ ಕರೋಕೆ ಟ್ರ್ಯಾಕ್. ಆ ಟ್ರ್ಯಾಕ್ ಮೂಲ ಗಾಯಕರ ಶ್ರುತಿಯಲ್ಲಿರುತ್ತೆ, ನಮ್ಮ ಗಂಟಲಿನ ಶ್ರುತಿಯಲ್ಲಲ್ಲ. ಪಲ್ಲವಿ ಹೇಗೋ ದಾಟುತ್ತೆ. ಚರಣಕ್ಕೆ ಬರೋ ಹೊತ್ತಿಗೆ ಒಬ್ಬರ ದನಿ ಮೇಲೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ, ಇನ್ನೊಬ್ಬರದ್ದು ಕೆಳಗಿಳಿದು ಮೈಕಿಗೇ ಕೇಳಿಸಲ್ಲ. ಕೆಳಗೆ ಕೂತ ನಾವು "ರೂಮಲ್ಲಿ ಎಷ್ಟು ಚೆನ್ನಾಗಿ ಹಾಡ್ತಿದ್ರು, ಪಾಪ" ಅಂತೀವಿ. ಅವರಿಗೆ ಹಾಡೋಕೆ ಬರಲ್ಲ ಅಂತಲ್ಲ. "ನಿನ್ನ ಶ್ರುತಿ ಯಾವುದು?" ಅಂತ ಕೇಳಿ, ಅದಕ್ಕೆ ತಕ್ಕ ಹಾಗೆ ಪಕ್ಕದಲ್ಲಿ ಕೂತು ಬಾರಿಸೋರು ಯಾರೂ ಇಲ್ಲ, ಅಷ್ಟೇ.

ಹಾಗಂತ ಕೀಬೋರ್ಡ್ ಇಲ್ಲ ಅಂತಲ್ಲ. ಮ್ಯೂಸಿಕ್ ರೂಮಿನಲ್ಲಿ 61 ಕೀಗಳ ಕೀಬೋರ್ಡ್ ಒಂದು ಧೂಳು ಕುಡೀತಾ ಇದೆ. ಈ ಸೆಮಿಸ್ಟರ್ ನಾವು ಸೆಕೆಂಡ್ ಇಯರ್‌ನ ನಾಲ್ಕು ಜನ ಅದರ ಮುಂದೆ ಕೂರೋಕೆ ಶುರು ಮಾಡಿದ್ವಿ. ನಮ್ಮಲ್ಲಿ ಯಾರೂ ಪಿಯಾನೋ ಕ್ಲಾಸಿಗೆ ಹೋದವರಲ್ಲ. ಒಬ್ಬಳು ಮಾತ್ರ ಚಿಕ್ಕಂದಿನಲ್ಲಿ ಸರಳೆ ವರಸೆ ಹಾಡಿದವಳು. ಹೀಗೆ ಶೂನ್ಯದಿಂದ ಶುರು ಮಾಡುವವರಿಗೆ ಮೊದಲು ಬೇಕಾಗೋದು ಮೇಜರ್ ಕಾರ್ಡ್. (ಐಡಿ ಕಾರ್ಡ್ ಅಲ್ಲ ಸ್ವಾಮಿ, ಮೂರು ಸ್ವರ ಒಟ್ಟಿಗೆ ನುಡಿಸೋ ಕಾರ್ಡ್.)

ಮೊದಲೇ ಒಂದು ಮಾತು. ಮೇಜರ್ ಕಾರ್ಡ್‌ನ ಫಾರ್ಮುಲಾ ಅರ್ಥ ಆಗೋಕೆ ಒಂದು ನಿಮಿಷ ಸಾಕು. ಅದು ಕೈಗೆ ಇಳಿಯೋಕೆ ಒಂದು ತಿಂಗಳಾದ್ರೂ ಬೇಕು. ಸಿಇಟಿ ಬರೆದು ಬಂದ ನಮಗೆ ಫಾರ್ಮುಲಾ ಗೊತ್ತಾದ ಕೂಡಲೇ "ಈ ಚಾಪ್ಟರ್ ಮುಗೀತು" ಅನ್ನಿಸಿಬಿಡುತ್ತೆ. ಇಲ್ಲಿ ಚಾಪ್ಟರ್ ಶುರುವಾಗೋದೇ ಆಮೇಲೆ.

ಕೀಗಳ ನಕ್ಷೆ

ಕೀಬೋರ್ಡ್ ಮುಂದೆ ಕೂತಾಗ ಮೊದಲು ಕಪ್ಪು ಕೀಗಳನ್ನು ನೋಡಿ. ಬಿಳಿ ಕೀಗಳು ಸಾಲಾಗಿ ಒಂದೇ ಥರ ಕಾಣುತ್ತವೆ, ಅವುಗಳಿಂದ ದಾರಿ ಗೊತ್ತಾಗಲ್ಲ. ಕಪ್ಪು ಕೀಗಳು ಮಾತ್ರ ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡು, ಮತ್ತೆ ಮೂರು ಅಂತ ಬರುತ್ತವೆ. ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀ ಯಾವಾಗಲೂ 'ಸಿ'. ಮೂರರ ಗುಂಪಿನ ಎಡಕ್ಕೆ ಅಂಟಿಕೊಂಡಿರುವುದು 'ಎಫ್'. ಇವೆರಡು ಸಿಕ್ಕರೆ ಉಳಿದವು ತಾವಾಗಿಯೇ ಸಿಗುತ್ತವೆ. ಸಿ ಇಂದ ಬಲಕ್ಕೆ ಬಿಳಿ ಕೀಗಳು ಸಿ, ಡಿ, ಇ, ಎಫ್, ಜಿ, ಎ, ಬಿ. ಅಲ್ಲಿಂದ ಮುಂದೆ ಮತ್ತೆ ಸಿ.

ಒಂದು ಸಿ ಇಂದ ಮುಂದಿನ ಸಿ ಬರುವ ತನಕ 7 ಬಿಳಿ, 5 ಕಪ್ಪು, ಒಟ್ಟು 12 ಕೀ. ಪೂರ್ತಿ ಅಳತೆಯ ಪಿಯಾನೋದಲ್ಲಿ 52 ಬಿಳಿ, 36 ಕಪ್ಪು, ಒಟ್ಟು 88 ಕೀಗಳಿರುತ್ತವೆ. ನೋಡಿದ್ರೆ ಹೆದರಿಕೆ ಆಗುತ್ತೆ. ಆದ್ರೆ ಅಲ್ಲಿರೋದು ಇದೇ 12, ಮತ್ತೆ ಮತ್ತೆ. ಗಣಿತದ ಭಾಷೆಯಲ್ಲಿ ಹೇಳೋದಾದ್ರೆ ಎಲ್ಲಾ ಮಾಡ್ಯುಲೋ 12.

ಸಂಗೀತ ಕಲಿತವರಿಗೆ ಇದು ಹೊಸದಲ್ಲ. ಕರ್ನಾಟಕ ಸಂಗೀತದಲ್ಲೂ 12 ಸ್ವರಸ್ಥಾನ, ಅವಕ್ಕೆ 16 ಹೆಸರು. ಇಲ್ಲೂ ಹಾಗೇ, ಒಂದೇ ಕಪ್ಪು ಕೀಗೆ ಎರಡು ಹೆಸರು. ಸಿ ಮತ್ತು ಡಿ ನಡುವಿನ ಕಪ್ಪು ಕೀಯನ್ನು ಎಡಗಡೆಯಿಂದ ನೋಡಿದ್ರೆ 'ಸಿ ಶಾರ್ಪ್', ಬಲಗಡೆಯಿಂದ ನೋಡಿದ್ರೆ 'ಡಿ ಫ್ಲ್ಯಾಟ್'. ಯಕ್ಷಗಾನ ನೋಡುವವರು ಭಾಗವತರು "ಕಪ್ಪು ಎರಡು", "ಬಿಳಿ ನಾಲ್ಕು" ಅಂತ ಶ್ರುತಿ ಹೇಳೋದನ್ನ ಕೇಳಿರ್ತೀರಿ. ಅದು ಹಾರ್ಮೋನಿಯಂನ ಇದೇ ಕೀಗಳ ಲೆಕ್ಕ. ಸಿ ಇಂದ ಎಣಿಸಿದ್ರೆ ನಾಲ್ಕನೇ ಬಿಳಿ ಕೀ ಎಫ್, ಎರಡನೇ ಕಪ್ಪು ಕೀ ಇ ಫ್ಲ್ಯಾಟ್.

ಇನ್ನೊಂದು ವಿಷಯ ಇಲ್ಲೇ ಗಮನಿಸಿ. ಇ ಮತ್ತು ಎಫ್ ನಡುವೆ ಕಪ್ಪು ಕೀ ಇಲ್ಲ. ಬಿ ಮತ್ತು ಸಿ ನಡುವೆಯೂ ಇಲ್ಲ. ಎಣಿಕೆ ಎಡವೋದು ಹೆಚ್ಚಾಗಿ ಈ ಎರಡು ಜಾಗದಲ್ಲೇ.

ಫಾರ್ಮುಲಾ

ಒಂದು ಕೀಯಿಂದ ತಕ್ಷಣ ಪಕ್ಕದ ಕೀಗೆ ಹೋಗೋದು ಒಂದು ಹೆಜ್ಜೆ. ಪಕ್ಕದ್ದು ಕಪ್ಪಾದ್ರೂ ಸರಿ, ಬಿಳಿಯಾದ್ರೂ ಸರಿ, ಒಂದನ್ನೂ ಬಿಡಬಾರದು. ಮೇಜರ್ ಕಾರ್ಡ್ ಕಟ್ಟೋದು ಹೀಗೆ:

ಯಾವುದಾದರೂ ಒಂದು ಕೀ ಹಿಡಿಯಿರಿ. ಅಲ್ಲಿಂದ 4 ಹೆಜ್ಜೆ ಬಲಕ್ಕೆ ಹೋಗಿ ಎರಡನೇ ಕೀ ಹಿಡಿಯಿರಿ. ಅಲ್ಲಿಂದ ಮತ್ತೆ 3 ಹೆಜ್ಜೆ ಹೋಗಿ ಮೂರನೇ ಕೀ ಹಿಡಿಯಿರಿ. ಮೂರನ್ನೂ ಒಟ್ಟಿಗೆ ಒತ್ತಿ.

ಸಿ ಇಂದ ಶುರು ಮಾಡೋಣ. ಸಿ ಶಾರ್ಪ್ ಒಂದು, ಡಿ ಎರಡು, ಡಿ ಶಾರ್ಪ್ ಮೂರು, ಇ ನಾಲ್ಕು. ಎರಡನೇ ಸ್ವರ ಇ. ಅಲ್ಲಿಂದ ಎಫ್ ಒಂದು, ಎಫ್ ಶಾರ್ಪ್ ಎರಡು, ಜಿ ಮೂರು. ಮೂರನೇ ಸ್ವರ ಜಿ. ಸಿ–ಇ–ಜಿ. ಇದೇ ಸಿ ಮೇಜರ್.

ಇಲ್ಲಿ ಪ್ರೋಗ್ರಾಮಿಂಗ್ ಲ್ಯಾಬಿನ ಹಳೇ ಪಾಠ ನೆನಪಿರಲಿ. ಶುರುವಿನ ಕೀಯನ್ನು ಒಂದು ಅಂತ ಎಣಿಸಬಾರದು, ಅದು ಸೊನ್ನೆ. ಅರೇ ಇಂಡೆಕ್ಸ್ ಥರಾನೇ. ಒಂದು ಅಂತ ಎಣಿಸಿದ್ರೆ ಇ ಬದಲು ಅದರ ಹಿಂದಿನ ಕಪ್ಪು ಕೀ ಮೇಲೆ ಬೆರಳು ಬೀಳುತ್ತೆ. ಕೋಡ್ ರೂಪದಲ್ಲಿ ಬೇಕು ಅನ್ನೋರಿಗೆ, ಕೀಬೋರ್ಡ್‌ಗಳು ಕಂಪ್ಯೂಟರ್ ಜೊತೆ ಮಾತಾಡೋ 'ಮಿಡಿ' ಪದ್ಧತಿಯಲ್ಲಿ ಪ್ರತಿ ಕೀಗೂ ಒಂದು ನಂಬರ್ ಇದೆ. ನಡುವಿನ ಸಿ 60, ಅದರ ಮೇಲಿನ ಇ 64, ಜಿ 67. ಅಂದ್ರೆ ಯಾವುದೇ ಕೀಯ ನಂಬರಿಗೆ 0, 4, 7 ಕೂಡಿಸಿದ್ರೆ ಅದರ ಮೇಜರ್ ಕಾರ್ಡ್ ರೆಡಿ.

ಸ್ವರದ ಭಾಷೆಯಲ್ಲಿ ಇದು ಷಡ್ಜ, ಅಂತರ ಗಾಂಧಾರ, ಪಂಚಮ. ಸ, ಗ, ಪ. ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಕಲಿಸ್ತಾರೆ, ಆ ರಾಗದ ಗಾಂಧಾರ ಕೂಡ ಇದೇ ಅಂತರ ಗಾಂಧಾರ. ಅಂದ್ರೆ ಎಂಟು ವಯಸ್ಸಿಗೆ ಸಂಗೀತದ ಕ್ಲಾಸಿಗೆ ಹೋಗಿ ಒಂಬತ್ತಕ್ಕೆ ಬಿಟ್ಟವರ ಕಿವಿಯಲ್ಲೂ ಮೇಜರ್ ಕಾರ್ಡ್ ಆಗಲೇ ಕೂತಿದೆ. ಒಂದಾದ ಮೇಲೆ ಒಂದು ಹಾಡಿದ ಸ್ವರಗಳನ್ನ ಇಲ್ಲಿ ಒಟ್ಟಿಗೆ ಕೇಳ್ತೀವಿ, ಅಷ್ಟೇ ವ್ಯತ್ಯಾಸ. ವಾದ್ಯ ಇಲ್ಲದೆಯೂ ಪರೀಕ್ಷೆ ಮಾಡಬಹುದು. ಹಾಸ್ಟೆಲ್ ರೂಮಿನಲ್ಲಿ ಮೂರು ಜನ ನಿಂತು ಒಬ್ಬರು ಸ, ಒಬ್ಬರು ಗ, ಒಬ್ಬರು ಪ ಹಿಡಿದು ಎಳೀರಿ. ಶ್ರುತಿ ಸೇರಿದ ಕ್ಷಣ ಗೊತ್ತಾಗುತ್ತೆ. ಪಕ್ಕದ ರೂಮಿನವರು ಬಾಗಿಲು ಬಡಿದ್ರೆ ಅದಕ್ಕೆ ನಾವು ಜವಾಬ್ದಾರರಲ್ಲ.

ಹನ್ನೆರಡು ಕಾರ್ಡ್, ಕೆಲವೇ ಆಕಾರ

12 ಕೀ ಇದ್ದ ಮೇಲೆ ಮೇಜರ್ ಕಾರ್ಡ್ ಕೂಡ 12. ಇವನ್ನು ಆವರ್ತಕ ಕೋಷ್ಟಕದ ಥರ ಬಾಯಿಪಾಠ ಹೊಡೆಯೋ ಅಗತ್ಯ ಇಲ್ಲ. ಬೆರಳಿನ ಕೆಳಗೆ ಬಿಳಿ ಎಲ್ಲಿ, ಕಪ್ಪು ಎಲ್ಲಿ ಅಂತ ನೋಡಿದ್ರೆ ಗುಂಪುಗಳು ಕಾಣುತ್ತವೆ.

ಮೂರೂ ಬಿಳಿ:
ಸಿ ಮೇಜರ್: ಸಿ–ಇ–ಜಿ
ಎಫ್ ಮೇಜರ್: ಎಫ್–ಎ–ಸಿ
ಜಿ ಮೇಜರ್: ಜಿ–ಬಿ–ಡಿ

ಬಿಳಿ, ಕಪ್ಪು, ಬಿಳಿ:
ಡಿ ಮೇಜರ್: ಡಿ–ಎಫ್ ಶಾರ್ಪ್–ಎ
ಎ ಮೇಜರ್: ಎ–ಸಿ ಶಾರ್ಪ್–ಇ
ಇ ಮೇಜರ್: ಇ–ಜಿ ಶಾರ್ಪ್–ಬಿ

ಕಪ್ಪು, ಬಿಳಿ, ಕಪ್ಪು:
ಡಿ ಫ್ಲ್ಯಾಟ್ ಮೇಜರ್: ಡಿ ಫ್ಲ್ಯಾಟ್–ಎಫ್–ಎ ಫ್ಲ್ಯಾಟ್
ಇ ಫ್ಲ್ಯಾಟ್ ಮೇಜರ್: ಇ ಫ್ಲ್ಯಾಟ್–ಜಿ–ಬಿ ಫ್ಲ್ಯಾಟ್
ಎ ಫ್ಲ್ಯಾಟ್ ಮೇಜರ್: ಎ ಫ್ಲ್ಯಾಟ್–ಸಿ–ಇ ಫ್ಲ್ಯಾಟ್

ಗುಂಪಿಗೆ ಸೇರದ ಮೂರು:
ಬಿ ಫ್ಲ್ಯಾಟ್ ಮೇಜರ್: ಬಿ ಫ್ಲ್ಯಾಟ್–ಡಿ–ಎಫ್ (ಕಪ್ಪು, ಬಿಳಿ, ಬಿಳಿ)
ಬಿ ಮೇಜರ್: ಬಿ–ಡಿ ಶಾರ್ಪ್–ಎಫ್ ಶಾರ್ಪ್ (ಬಿಳಿ, ಕಪ್ಪು, ಕಪ್ಪು)
ಎಫ್ ಶಾರ್ಪ್ ಮೇಜರ್: ಎಫ್ ಶಾರ್ಪ್–ಎ ಶಾರ್ಪ್–ಸಿ ಶಾರ್ಪ್ (ಮೂರೂ ಕಪ್ಪು)

ಮೊದಲ ಎರಡು ಗುಂಪು, ಅಂದ್ರೆ ಆರು ಕಾರ್ಡ್, ಕೈಗೆ ಕೂತರೆ ಶುರುವಿನ ಕೆಲಸ ಬಹಳಷ್ಟು ಆದ ಹಾಗೆ. ಡಿ ಮೇಜರ್‌ನ ನಡುವಿನ ಕೀಯನ್ನು ಜಿ ಫ್ಲ್ಯಾಟ್ ಅನ್ನದೆ ಎಫ್ ಶಾರ್ಪ್ ಯಾಕೆ ಅಂತೀವಿ ಅಂತ ಕೆಲವರಿಗೆ ಡೌಟ್ ಬರುತ್ತೆ. ಕಾರ್ಡ್‌ನ ಹೆಸರುಗಳು ಒಂದು ಅಕ್ಷರ ಬಿಟ್ಟು ಒಂದು ಬರಬೇಕು ಅನ್ನೋದು ನಿಯಮ. ಡಿ ಆದ ಮೇಲೆ ಇ ಬಿಟ್ಟು ಎಫ್, ಜಿ ಬಿಟ್ಟು ಎ. ಹಾಗಾಗಿ ನಡುವಿನದ್ದು ಎಫ್ ಮನೆತನದ್ದೇ ಆಗಬೇಕು.

ಈ ಮೂರೇ ಯಾಕೆ ಹೊಂದುತ್ತವೆ?

ಇದು ನಮಗೆ ಬಹಳ ಇಷ್ಟವಾದ ಭಾಗ. ನಡುವಿನ ಸಿ ಒತ್ತಿದಾಗ ಬರೋ ಫ್ರೀಕ್ವೆನ್ಸಿ 261.63 ಹರ್ಟ್ಜ್. ಇ 329.63, ಜಿ 392. ಈ ಮೂರರ ಅನುಪಾತ ತೆಗೆದ್ರೆ ಹೆಚ್ಚುಕಮ್ಮಿ 4:5:6 ಬರುತ್ತೆ. ಇಷ್ಟು ಚಿಕ್ಕ ಪೂರ್ಣಾಂಕಗಳ ಅನುಪಾತ ಇದ್ದಾಗ ಅಲೆಗಳು ಬೇಗ ಬೇಗ ಒಂದಕ್ಕೊಂದು ತಾಳೆಯಾಗುತ್ತವೆ. ಕಿವಿಗೆ ಅದು ಜಗಳ ಅಲ್ಲ, ಜೊತೆ ಅನ್ನಿಸುತ್ತೆ.

ಇದಕ್ಕೆ ಸಾಕ್ಷಿ ನಮ್ಮ ತಂಬೂರಿಯಲ್ಲೇ ಇದೆ. ಒಂದು ತಂತಿ ಮೀಟಿದಾಗ ಅದರ ಮೂಲ ಫ್ರೀಕ್ವೆನ್ಸಿ ಮಾತ್ರ ಬರಲ್ಲ, ಅದರ 2 ಪಟ್ಟು, 3 ಪಟ್ಟು, 4 ಪಟ್ಟು, 5 ಪಟ್ಟಿನ ಹಾರ್ಮೋನಿಕ್‌ಗಳೂ ಸಣ್ಣದಾಗಿ ಬರುತ್ತವೆ. ಷಡ್ಜದ 3ನೇ ಹಾರ್ಮೋನಿಕ್ ಪಂಚಮ, 5ನೇ ಹಾರ್ಮೋನಿಕ್ ಅಂತರ ಗಾಂಧಾರ. ಪ–ಸ–ಸ–ಸ ಅಂತ ಕೂಡಿಸಿದ ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲ. ಆದ್ರೂ ಚೆನ್ನಾಗಿ ಶ್ರುತಿ ಸೇರಿದಾಗ ಗಾಂಧಾರ ತಾನಾಗಿ ಕೇಳಿಸುತ್ತೆ ಅಂತ ಸಂಗೀತದವರು ಹೇಳ್ತಾರಲ್ಲ, ಅದು ಈ 5ನೇ ಹಾರ್ಮೋನಿಕ್. ಒಂದು ರೀತಿಯಲ್ಲಿ ಮೇಜರ್ ಕಾರ್ಡ್ ಯಾರೋ ಕೂತು ಕಂಡುಹಿಡಿದದ್ದಲ್ಲ, ಒಂದೇ ತಂತಿಯೊಳಗೆ ಅಡಗಿ ಕೂತಿರೋದು.

"ಹೆಚ್ಚುಕಮ್ಮಿ" ಅಂತ ಯಾಕೆ ಅಂದ್ವಿ? ಇವತ್ತಿನ ಪಿಯಾನೋದಲ್ಲಿ 12 ಹೆಜ್ಜೆಗಳೂ ಒಂದೇ ಅಳತೆಯವು. ಪ್ರತಿ ಹೆಜ್ಜೆಗೂ ಫ್ರೀಕ್ವೆನ್ಸಿಯನ್ನು 2ರ ಹನ್ನೆರಡನೇ ಮೂಲದಿಂದ, ಅಂದ್ರೆ ಸುಮಾರು 1.0595 ರಿಂದ ಗುಣಿಸ್ತಾರೆ. ಹಾಗೆ ಮಾಡಿದಾಗ ಪಂಚಮ 1.5 ಬದಲು 1.4983 ಆಗುತ್ತೆ, ಪರವಾಗಿಲ್ಲ. ಗಾಂಧಾರ ಮಾತ್ರ 1.25 ಬದಲು 1.2599, ಸ್ವಲ್ಪ ಏರು. ಲೆಕ್ಕ ಹಾಕಿ ನೋಡಿ. ಸಿ ಸ್ವರದ 5ನೇ ಹಾರ್ಮೋನಿಕ್ 1308, ಇ ಸ್ವರದ 4ನೇ ಹಾರ್ಮೋನಿಕ್ 1318. ಸೆಕೆಂಡಿಗೆ ಸುಮಾರು 10 ಬೀಟ್ಸ್ ಹುಟ್ಟಬೇಕು. ಫಿಸಿಕ್ಸ್ ಲ್ಯಾಬಿನಲ್ಲಿ ಎರಡು ಟ್ಯೂನಿಂಗ್ ಫೋರ್ಕ್ ಇಟ್ಟು ಕೇಳಿದ ಅದೇ ಬೀಟ್ಸ್. ಪಿಯಾನೋ ಕಾರ್ಡ್‌ನೊಳಗೆ ಕೇಳೋ ಆ ಸಣ್ಣ ಮಿನುಗಿಗೆ ಇದೂ ಒಂದು ಕಾರಣ.

ಈ ರಾಜಿಯಿಂದ ಲಾಭ ಏನಂದ್ರೆ 12 ಕಾರ್ಡ್‌ಗಳೂ ಒಂದೇ ಗುಣಮಟ್ಟದಲ್ಲಿ ಕೇಳಿಸುತ್ತವೆ, ಯಾವ ಕೀಯಿಂದ ಬೇಕಾದ್ರೂ ಹಾಡು ಶುರು ಮಾಡಬಹುದು. ನಷ್ಟ ಏನಂದ್ರೆ ಸ್ವರಗಳು ಗೂಟಕ್ಕೆ ಕಟ್ಟಿದ ಹಾಗೆ ಒಂದೇ ಜಾಗದಲ್ಲಿ ನಿಲ್ಲುತ್ತವೆ, ಗಮಕಕ್ಕೆ ಅವಕಾಶ ಇಲ್ಲ. ಇಂಥವೇ ಕಾರಣಕ್ಕೆ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಆ ನಿಷೇಧ ಸಡಿಲ ಆಗೋಕೆ 1971ರ ತನಕ ಕಾಯಬೇಕಾಯ್ತು.

ಈಗ ಕೈಗೆ ಬರೋಣ

ಇಲ್ಲಿ ತನಕ ಓದಿದವರಿಗೆ ಮೇಜರ್ ಕಾರ್ಡ್ 'ಗೊತ್ತು'. ಈಗ ಕೀಬೋರ್ಡ್ ಮುಂದೆ ಕೂರಿಸಿ "ಎ ಮೇಜರ್ ಹಿಡಿ" ಅಂದ್ರೆ ಎಣಿಸೋಕೆ ಐದು ಸೆಕೆಂಡ್ ಬೇಕು. ಹಾಡುವವರು ಐದು ಸೆಕೆಂಡ್ ಕಾಯಲ್ಲ. ಹಾಗಾಗಿ ಕೈ ತಾನಾಗಿ ಹೋಗಿ ಕೂರೋ ಹಾಗೆ ಮಾಡಬೇಕು.

ಕೂರೋ ಎತ್ತರ ಮೊದಲು. ಮೊಣಕೈ ಹೆಚ್ಚುಕಮ್ಮಿ ಕೀಗಳ ಮಟ್ಟಕ್ಕೆ ಬರಬೇಕು. ಮ್ಯೂಸಿಕ್ ರೂಮಿನ ಪ್ಲಾಸ್ಟಿಕ್ ಕುರ್ಚಿ ತಗ್ಗು ಅನ್ನಿಸಿದ್ರೆ ಎರಡು ಕುರ್ಚಿ ಒಂದರ ಮೇಲೊಂದು ಹಾಕಿ. ಬೆರಳುಗಳು ಕಿತ್ತಳೆ ಹಣ್ಣು ಹಿಡಿದ ಹಾಗೆ ಬಾಗಿರಲಿ, ಚಪ್ಪಟೆ ಬೇಡ. ಉಗುರು ಕತ್ತರಿಸಿಕೊಂಡು ಬನ್ನಿ, ಇಲ್ಲಾಂದ್ರೆ ಟಕಟಕ ಸದ್ದೇ ಜಾಸ್ತಿ. ಮಣಿಕಟ್ಟು ಸಡಿಲ ಇರಲಿ. ನೋವು ಬಂದ್ರೆ ನಿಲ್ಲಿಸಿ, ನೋವು ತಡ್ಕೊಂಡು ಬಾರಿಸೋದು ಸಾಧನೆ ಅಲ್ಲ.

ಬೆರಳಿಗೆ ನಂಬರ್ ಇದೆ. ಎರಡೂ ಕೈಯಲ್ಲಿ ಹೆಬ್ಬೆರಳು 1, ತೋರುಬೆರಳು 2, ಹೀಗೆ ಕಿರುಬೆರಳು 5. ಬಲಗೈಯಲ್ಲಿ ಸಿ ಮೇಜರ್ ಹಿಡಿಯೋಕೆ 1–3–5. ಎಡಗೈಯಲ್ಲಿ ಅದೇ ಕಾರ್ಡ್ 5–3–1.

ಅಭ್ಯಾಸಕ್ಕೆ ನಾವು ಬಳಸ್ತಿರೋ ಕ್ರಮ ಇದು:

ಒಂದು: ಸಿ ಮೇಜರ್ ಒತ್ತಿ. ಮೂರೂ ಸ್ವರ ಒಂದೇ ಕ್ಷಣಕ್ಕೆ ಬಂತಾ ಕೇಳಿ. ಡಬ್ಬ ಉರುಳಿದ ಹಾಗೆ ಒಂದರ ಹಿಂದೆ ಒಂದು ಬಂದ್ರೆ ಮತ್ತೆ ಮಾಡಿ.

ಎರಡು: ಕೈಯನ್ನು ಪೂರ್ತಿ ಎತ್ತಿ ತೊಡೆ ಮೇಲಿಟ್ಟು, ಮತ್ತೆ ನೇರ ಕಾರ್ಡ್ ಮೇಲೆ ಇಳಿಸಿ. ಬೆರಳುಗಳು ಗಾಳಿಯಲ್ಲೇ ಆಕಾರ ತಗೋಬೇಕು. ಹತ್ತು ಸಲ. ಕಾರ್ಡ್ ಕಲಿಯೋದರ ಜೀವಾಳ ಇದೇ. ಬೆರಳು ಕೀ ಮೇಲೆ ಅಂಟಿಸಿಕೊಂಡು ನೂರು ಸಲ ಒತ್ತೋದಕ್ಕಿಂತ ಎತ್ತಿ ಇಳಿಸೋ ಹತ್ತು ಸಲ ಹೆಚ್ಚು ಕಲಿಸುತ್ತೆ.

ಮೂರು: ಅದನ್ನೇ ಕಣ್ಣು ಮುಚ್ಚಿ. ಕಪ್ಪು ಕೀಗಳ ಗುಂಪನ್ನು ಬೆರಳಿನಿಂದ ಸವರಿ ಜಾಗ ಹುಡುಕಿ.

ನಾಲ್ಕು: ಫೋನಿನಲ್ಲಿ ಮೆಟ್ರೋನೋಮ್ 60ಕ್ಕೆ ಇಟ್ಟು ಸಿ ನಾಲ್ಕು ಎಣಿಕೆ, ಎಫ್ ನಾಲ್ಕು ಎಣಿಕೆ, ಜಿ ನಾಲ್ಕು ಎಣಿಕೆ, ಮತ್ತೆ ಸಿ. ತಪ್ಪಿದ್ರೂ ತಾಳ ನಿಲ್ಲಿಸಬೇಡಿ. ತಪ್ಪಿದ ಕಾರ್ಡ್ ಬಿಟ್ಟು ಮುಂದಿನದಕ್ಕೆ ಹೋಗಿ. ಸ್ಟೇಜ್ ಮೇಲೂ ಮಾಡಬೇಕಾಗಿರೋದು ಅದನ್ನೇ.

ದಿನಕ್ಕೆ ಹತ್ತು ನಿಮಿಷ ಸಾಕು, ಆದ್ರೆ ದಿನಾ ಬೇಕು. ಭಾನುವಾರ ಎರಡು ಗಂಟೆ ಕೂತು ಆರು ದಿನ ಬಿಡೋದು ಇಂಟರ್ನಲ್ಸ್ ಹಿಂದಿನ ರಾತ್ರಿ ಓದಿದ ಹಾಗೆ. ಆ ಕ್ಷಣಕ್ಕೆ ಬಂದ ಹಾಗಿರುತ್ತೆ, ಮುಂದಿನ ವಾರ ಕೈ ಎಲ್ಲಾ ಮರೆತಿರುತ್ತೆ. ಕೀಬೋರ್ಡ್ ಸಿಗದ ದಿನ ಫೋನ್ ಆ್ಯಪ್‌ನಲ್ಲಿ ಎಣಿಕೆ ನೋಡಿಕೊಳ್ಳಬಹುದು. ಕೈ ಅಭ್ಯಾಸಕ್ಕೆ ಮಾತ್ರ ಅದು ಆಗಲ್ಲ. ನಿಜವಾದ ಬಿಳಿ ಕೀ ಸುಮಾರು 23.5 ಮಿಲಿಮೀಟರ್ ಅಗಲ, ಫೋನ್ ಪರದೆ ಮೇಲಿನ ಕೀ ಬೆರಳಿಗಿಂತ ಸಣ್ಣದು. ಲ್ಯಾಪ್‌ಟಾಪ್‌ನ ಟೈಪಿಂಗ್ ಕೀಗಳಲ್ಲಿ ಬಾರಿಸೋ ವೆಬ್‌ಸೈಟ್‌ಗಳೂ ಇವೆ, ಆದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳು ಕೆಲವು ಮೂರು ಕೀಗಳನ್ನ ಒಟ್ಟಿಗೆ ಒತ್ತಿದ್ರೆ ಒಂದನ್ನು ನುಂಗಿಬಿಡುತ್ತವೆ.

ಜಿಗಿತ ಕಮ್ಮಿ ಮಾಡೋ ಉಪಾಯ

ಸಿ–ಇ–ಜಿ ಇಂದ ಎಫ್–ಎ–ಸಿ ಗೆ, ಅಲ್ಲಿಂದ ಜಿ–ಬಿ–ಡಿ ಗೆ ಹೋಗೋವಾಗ ಕೈ ಎರಡು ಸಲ ಜಿಗಿಯುತ್ತೆ. ಕೇಳೋಕೂ ಒರಟು. ಇಲ್ಲಿ ಒಂದು ಸ್ವಾತಂತ್ರ್ಯ ಇದೆ. ಕಾರ್ಡ್‌ನ ಮೂರು ಸ್ವರಗಳನ್ನು ಯಾವ ಕ್ರಮದಲ್ಲಿಟ್ಟರೂ ಕಾರ್ಡ್ ಅದೇ. ಸಿ–ಇ–ಜಿ ಕೂಡ ಸಿ ಮೇಜರ್, ಇ–ಜಿ–ಸಿ ಕೂಡ ಸಿ ಮೇಜರ್, ಜಿ–ಸಿ–ಇ ಕೂಡ. ಇದಕ್ಕೆ ಇನ್ವರ್ಷನ್ ಅಂತಾರೆ.

ಈಗ ಬಲಗೈಯಲ್ಲಿ ಹೀಗೆ ಮಾಡಿ:

ಸಿ ಮೇಜರ್: ಸಿ–ಇ–ಜಿ, ಬೆರಳು 1–3–5.
ಎಫ್ ಮೇಜರ್: ಸಿ–ಎಫ್–ಎ, ಬೆರಳು 1–3–5. ಹೆಬ್ಬೆರಳು ಸಿ ಮೇಲೇ ಇರುತ್ತೆ, ಉಳಿದ ಎರಡು ಪಕ್ಕದ ಬಿಳಿ ಕೀಗೆ ಸರಿಯುತ್ತವೆ.
ಜಿ ಮೇಜರ್: ಬಿ–ಡಿ–ಜಿ, ಬೆರಳು 1–2–5. ಸಿ ಮೇಜರ್‌ನಿಂದ ಬಂದ್ರೆ ಕಿರುಬೆರಳು ಜಿ ಮೇಲೇ ಇರುತ್ತೆ, ಹೆಬ್ಬೆರಳು ಒಂದು ಕೀ ಕೆಳಗೆ ಸರಿಯುತ್ತೆ, ನಡುವೆ ತೋರುಬೆರಳು ಡಿ ಹಿಡಿಯುತ್ತೆ.

ಕೈ ಹೆಚ್ಚುಕಮ್ಮಿ ಕೂತಲ್ಲೇ ಕೂತಿರುತ್ತೆ. ಎಡಗೈಗೆ ಇನ್ನೂ ಸುಲಭ, ಕಾರ್ಡ್‌ನ ಹೆಸರಿನ ಒಂದೇ ಸ್ವರ ಸಾಕು. ಎಡಗೈ ಕಿರುಬೆರಳನ್ನು ಕೆಳಗಿನ ಸಿ ಮೇಲಿಟ್ಟು ಉಳಿದ ಬೆರಳುಗಳನ್ನು ಸಾಲಾಗಿ ಇಟ್ಟರೆ ಎಫ್ ತೋರುಬೆರಳಿಗೆ, ಜಿ ಹೆಬ್ಬೆರಳಿಗೆ ಸಿಗುತ್ತೆ. ಅಲ್ಲಾಡೋದೇ ಬೇಡ.

ಸಿ, ಎಫ್, ಜಿ ಈ ಮೂರೇ ಯಾಕೆ? ಮೂರರ ಸ್ವರಗಳನ್ನೂ ಸೇರಿಸಿ ನೋಡಿ. ಸಿ, ಇ, ಜಿ, ಎಫ್, ಎ, ಸಿ, ಜಿ, ಬಿ, ಡಿ. ಏಳೂ ಬಿಳಿ ಕೀ ಬಂದ್ವು. ಅಂದ್ರೆ ಮೇಜರ್ ಸ್ಕೇಲಿನ, ನಮ್ಮ ಭಾಷೆಯಲ್ಲಿ ಶಂಕರಾಭರಣದ, ಏಳು ಸ್ವರಗಳಲ್ಲಿ ಯಾವುದನ್ನು ಹಾಡಿದ್ರೂ ಅದನ್ನು ಹೊತ್ತುಕೊಳ್ಳೋಕೆ ಈ ಮೂರರಲ್ಲಿ ಒಂದು ಕಾರ್ಡ್ ಇದ್ದೇ ಇರುತ್ತೆ.

ಒಂದು ಪೂರ್ತಿ ಹಾಡು

ಈ ಮೂರು ಕಾರ್ಡ್‌ನಲ್ಲಿ ಪೂರ್ತಿ ಮುಗಿಯೋ, ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಬರೋ ಹಾಡು ಒಂದಿದೆ: ಹ್ಯಾಪಿ ಬರ್ತ್‌ಡೇ. ಹಾಸ್ಟೆಲ್ಲಿನಲ್ಲಿ ರಾತ್ರಿ ಹನ್ನೆರಡಕ್ಕೆ ವಾರಕ್ಕೊಮ್ಮೆಯಾದ್ರೂ ಇದರ ಅವಶ್ಯಕತೆ ಬೀಳುತ್ತೆ.

ಮೂರು ಎಣಿಕೆಯ ತಾಳ. ಮೊದಲ ಪದ ತಾಳಕ್ಕಿಂತ ಮುಂಚೆ, ಕಾರ್ಡ್ ಇಲ್ಲದೆ, ಜಿ ಸ್ವರದಲ್ಲಿ ಶುರುವಾಗುತ್ತೆ. ಎರಡನೇ ಪದದ ಮೊದಲ ಅಕ್ಷರಕ್ಕೆ ಮೊದಲ ಕಾರ್ಡ್. ಆಮೇಲೆ ಮೂರು ಮೂರು ಎಣಿಕೆಗೆ ಒಂದು ಸುತ್ತು, ಒಟ್ಟು 8 ಸುತ್ತು:

1 – ಸಿ
2 – ಜಿ
3 – ಜಿ
4 – ಸಿ
5 – ಸಿ
6 – ಎಫ್ (ಹುಟ್ಟುಹಬ್ಬದವರ ಹೆಸರು ಬರೋ ಜಾಗ)
7 – ಎರಡು ಎಣಿಕೆ ಸಿ, ಒಂದು ಎಣಿಕೆ ಜಿ
8 – ಸಿ

ಎಡಗೈ ಪ್ರತಿ ಸುತ್ತಿನ ಒಂದನೇ ಎಣಿಕೆಗೆ ಒಂದು ಸ್ವರ, ಬಲಗೈ ಎರಡು ಮತ್ತು ಮೂರನೇ ಎಣಿಕೆಗೆ ಕಾರ್ಡ್. ಏಳನೇ ಸುತ್ತಿನಲ್ಲಿ ಮಾತ್ರ ಎರಡನೇ ಎಣಿಕೆಗೆ ಸಿ, ಮೂರನೇ ಎಣಿಕೆಗೆ ಜಿ. ಬಾಯಲ್ಲಿ ಹಾಡ್ತಾ ಬಾರಿಸಿ. ಎರಡನೇ ಸುತ್ತಿನ ಜಿ ಏನೋ ಒಂದು ಪ್ರಶ್ನೆ ಕೇಳಿದ ಹಾಗಿರುತ್ತೆ, ನಾಲ್ಕನೇ ಸುತ್ತಿನ ಸಿ ಉತ್ತರ ಕೊಟ್ಟ ಹಾಗೆ. ಜಿ ಮೇಲೆ ಹಾಡು ನಿಲ್ಲಿಸಿ ಎದ್ದು ಹೋಗಿ ನೋಡಿ, ರೂಮಿನಲ್ಲಿ ಯಾರಿಗೂ ಸಮಾಧಾನ ಆಗಲ್ಲ.

ನಿನ್ನ ಶ್ರುತಿ ಯಾವುದು?

ಈಗ ಮೊದಲ ಪ್ಯಾರಾದಲ್ಲಿ ಹೇಳಿದ ಸಮಸ್ಯೆ. ಹಾಡುವವರಿಗೆ ಸಿ ಶ್ರುತಿ ಹೊಂದಲ್ಲ, ಡಿ ಬೇಕು. ಏನ್ ಮಾಡ್ಬೇಕು? ಮೂರು ಕಾರ್ಡ್‌ಗಳನ್ನು ಹೆಸರಿನಿಂದ ನೆನಪಿಡದೆ ಸ್ವರದಿಂದ ನೆನಪಿಡಿ. ಸಿ ಅಂದ್ರೆ 'ಸ' ಮೇಲಿನ ಕಾರ್ಡ್, ಎಫ್ 'ಮ' ಮೇಲಿನದು, ಜಿ 'ಪ' ಮೇಲಿನದು. ಸ ಇಂದ 5 ಹೆಜ್ಜೆಗೆ ಮ, 7 ಹೆಜ್ಜೆಗೆ ಪ. ಹಾಗಾಗಿ ಸ–ಮ–ಪ ಕಾರ್ಡ್‌ಗಳು:

ಸಿ ಶ್ರುತಿಗೆ: ಸಿ, ಎಫ್, ಜಿ
ಡಿ ಶ್ರುತಿಗೆ: ಡಿ, ಜಿ, ಎ
ಎಫ್ ಶ್ರುತಿಗೆ: ಎಫ್, ಬಿ ಫ್ಲ್ಯಾಟ್, ಸಿ
ಜಿ ಶ್ರುತಿಗೆ: ಜಿ, ಸಿ, ಡಿ
ಎ ಶ್ರುತಿಗೆ: ಎ, ಡಿ, ಇ

ಮೇಲೆ ಕೊಟ್ಟ 8 ಸುತ್ತುಗಳನ್ನ ಸ, ಪ, ಪ, ಸ, ಸ, ಮ, ಸ–ಪ, ಸ ಅಂತ ಬರೆದುಕೊಂಡ್ರೆ ಯಾವ ಶ್ರುತಿಗೆ ಬೇಕಾದ್ರೂ ಆಗುತ್ತೆ. ಕೋಡ್‌ನಲ್ಲಿ ಕಾನ್‌ಸ್ಟಂಟ್ ಬದಲು ವೇರಿಯಬಲ್ ಇಟ್ಟ ಹಾಗೆ. ಕರೋಕೆ ಟ್ರ್ಯಾಕ್ ಪಕ್ಕಕ್ಕೆ ಒರಗಿ "ಇನ್ನೊಂದು ಸ್ವರ ಇಳಿಸಲಾ?" ಅಂತ ಕೇಳಲ್ಲ, ಪಕ್ಕದಲ್ಲಿ ಕೂತವರು ಕೇಳಬಹುದು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ, ಸ್ಟೇಜ್ ಮೇಲೆ ಅರ್ಜೆಂಟಿಗೆ ಬಳಸಿ, ತಪ್ಪಿಲ್ಲ. ಕಲಿಯೋವಾಗ ಮಾತ್ರ ಮುಟ್ಟಬೇಡಿ.

ಇದರ ಮಿತಿ

ಇಷ್ಟರಿಂದ ಎಲ್ಲಾ ಕನ್ನಡ ಹಾಡುಗಳನ್ನೂ ಬಾರಿಸಬಹುದು ಅಂತ ನಾವು ಹೇಳಲ್ಲ. ಎಷ್ಟೋ ಸಿನಿಮಾ ಹಾಡು, ಭಾವಗೀತೆಗಳಿಗೆ ಮೈನರ್ ಕಾರ್ಡ್ ಬೇಕು. ಅದು ಕಷ್ಟ ಅಲ್ಲ, 4+3 ಅನ್ನು ತಿರುಗಿಸಿ 3+4 ಮಾಡಿ. ಸಿ–ಇ ಫ್ಲ್ಯಾಟ್–ಜಿ. ನಡುವಿನ ಒಂದು ಬೆರಳು ಒಂದು ಹೆಜ್ಜೆ ಎಡಕ್ಕೆ ಸರಿದರೆ, ಅಂತರ ಗಾಂಧಾರ ಸಾಧಾರಣ ಗಾಂಧಾರ ಆದರೆ, ಕಾರ್ಡ್‌ನ ಮುಖವೇ ಬದಲಾಗುತ್ತೆ. ಮೇಜರ್ ಅಂದ್ರೆ ಖುಷಿ, ಮೈನರ್ ಅಂದ್ರೆ ದುಃಖ ಅಂತ ಹೇಳೋದು ರೂಢಿ. ಶುರುವಿಗೆ ಗುರುತು ಹಿಡಿಯೋಕೆ ಅಷ್ಟು ಸಾಕು, ನಿಯಮ ಅಂದುಕೊಳ್ಳಬೇಡಿ.

ಇನ್ನೊಂದು ಮಿತಿ ದೊಡ್ಡದು. ರಾಗ ಕಾರ್ಡ್ ಮೇಲೆ ಕಟ್ಟಿದ್ದಲ್ಲ. ಹಂಸಧ್ವನಿಯ ಸ–ರಿ–ಗ–ಪ–ನಿ ಯಲ್ಲಿ ಸ–ಗ–ಪ ಮತ್ತು ಪ–ನಿ–ರಿ ಅಂತ ಎರಡು ಮೇಜರ್ ಕಾರ್ಡ್ ಸಿಗುತ್ತವೆ, ಬಾರಿಸಿದ್ರೆ ಚೆನ್ನಾಗಿಯೂ ಕೇಳುತ್ತೆ. ಆದ್ರೆ ಗಮಕ ತುಂಬಿದ ರಾಗಕ್ಕೆ ಹೋಗಿ ಪ್ರತಿ ಸ್ವರಕ್ಕೂ ಕಾರ್ಡ್ ಹಾಕಿದ್ರೆ ಹಾಡುವವರ ಕೈಕಾಲು ಕಟ್ಟಿದ ಹಾಗಾಗುತ್ತೆ. ಅಲ್ಲಿ ಸುಮ್ನೆ ಸ–ಪ ಹಿಡಿದು ಕೂರೋದೇ ಮರ್ಯಾದೆ.

ಹಾಗಂತ ಒಂದು ಸಂಗೀತ ಕಲಿತರೆ ಇನ್ನೊಂದು ಹಾಳಾಗುತ್ತೆ ಅಂತಲೂ ಅಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲಿನ ಲೈಸೆನ್ಶಿಯೇಟ್ ಪಡೆದ ಪಿಯಾನೋ ವಾದಕರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಅವರಿಗೇ ಅರ್ಪಿಸಿದ್ದು. ಅದೇ ಒಡೆಯರ್ ಕರ್ನಾಟಕ ಸಂಗೀತದಲ್ಲಿ 90ಕ್ಕೂ ಹೆಚ್ಚು ಕೃತಿ ರಚಿಸಿದ್ದಾರೆ. ಎರಡು ಸಂಗೀತಕ್ಕೂ ಒಬ್ಬರ ಮನಸ್ಸಿನಲ್ಲಿ ಜಾಗ ಇತ್ತು.

"ಹತ್ತೊಂಬತ್ತಾಯ್ತು, ಇನ್ನೆಲ್ಲಿ ಕಲಿಯೋದು, ಚಿಕ್ಕವರಿದ್ದಾಗಲೇ ಶುರು ಮಾಡಬೇಕಿತ್ತು" ಅನ್ನೋ ಮಾತು ಹಾಸ್ಟೆಲ್ಲಿನಲ್ಲಿ ದಿನಾ ಕೇಳ್ತೀವಿ. ಕಚೇರಿ ಕೊಡೋ ಪಿಯಾನಿಸ್ಟ್ ಆಗೋಕೆ ಅದು ನಿಜ ಇರಬಹುದು. ಗೆಳತಿ ಹಾಡೋವಾಗ ಪಕ್ಕದಲ್ಲಿ ಕೂತು ಮೂರು ಕಾರ್ಡ್ ಹಿಡಿಯೋಕೆ ಅಲ್ಲ. ಅದಕ್ಕೆ ಬೇಕಾಗಿರೋದು 12ರ ತನಕ ಎಣಿಕೆ ಮತ್ತು ದಿನಕ್ಕೆ ಹತ್ತು ನಿಮಿಷ.

ಸಂಜೆ ಐದೂವರೆಯಿಂದ ಆರೂವರೆ ತನಕ ನಾವು ಮ್ಯೂಸಿಕ್ ರೂಮಿನಲ್ಲೇ ಇರ್ತೀವಿ. ಕೀಬೋರ್ಡ್ ಒಂದೇ, ಹಾಗಾಗಿ ಹತ್ತು ಹತ್ತು ನಿಮಿಷದ ಪಾಳಿ. ಈಗ ನಾಲ್ಕು ಜನ ಇದ್ದೀವಿ, ಲೆಕ್ಕದ ಪ್ರಕಾರ ಇನ್ನೂ ಎರಡು ಪಾಳಿ ಖಾಲಿ ಇದೆ. ಬರೋವಾಗ ಉಗುರು ಕತ್ತರಿಸಿಕೊಂಡು ಬನ್ನಿ.